ದ್ರವ ಸಾರಜನಕದಲ್ಲಿ ಬಲಪರೀಕ್ಷೆ ಗೆದ್ದ ಕಾರ್ಬನ್ ಫೈಬರ್ ಪಾತ್ರೆ ಮೂರನೆಯ ಸಲ ತುಂಬಿದಾಗಲೇ ಸೋರಿತು: ನಾವು ಬಿಟ್ಟ ಪರೀಕ್ಷೆ ಯಾವುದು?

ನಾರುಸುತ್ತು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಫಿಲಮೆಂಟ್ ವೈಂಡಿಂಗ್ (ರೆಸಿನ್‌ನಲ್ಲಿ ನೆನೆಸಿದ ನಾರನ್ನು ಅಚ್ಚಿನ ಮೇಲೆ ಸುತ್ತುವ) ವಿಭಾಗವನ್ನು ನೋಡಿಕೊಳ್ಳುತ್ತೇನೆ. ಲೋಹದ ಲೈನರ್ (ಒಳಪದರ) ಇಲ್ಲದೆ, ಪೂರ್ತಿಯಾಗಿ ಕಾರ್ಬನ್ ಫೈಬರ್ ಮತ್ತು ಅದನ್ನು ಹಿಡಿದಿಡುವ ಎಪಾಕ್ಸಿ ರೆಸಿನ್‌ನಿಂದಲೇ ಆದ ಒತ್ತಡದ ಪಾತ್ರೆಯೊಂದನ್ನು ತಯಾರಿಸಲು ನಮ್ಮ ಐದು ಜನರ ತಂಡ ಎಂಟು ತಿಂಗಳಿಂದ ಪ್ರಯತ್ನಿಸುತ್ತಿದೆ. ವ್ಯಾಸ 300 ಮಿ.ಮೀ., ಗೋಡೆಯ ದಪ್ಪ ಸುಮಾರು 2 ಮಿ.ಮೀ., ಕೆಲಸದ ಒತ್ತಡ 20 ಬಾರ್. ಕೊನೆಗೆ ಇದರಲ್ಲಿ ತುಂಬಬೇಕಾದದ್ದು ದ್ರವ ಮೀಥೇನ್, ಅಂದರೆ ಸುಮಾರು 111 ಕೆಲ್ವಿನ್. ಈಗ ಪ್ರಯೋಗಕ್ಕೆ ದ್ರವ ಸಾರಜನಕವನ್ನು ಬಳಸುತ್ತಿರುವುದರಿಂದ ತಾಪಮಾನದ ಮಟ್ಟಿಗೆ ನಾವು ಇನ್ನೂ ಕಠಿಣವಾದ ಸ್ಥಿತಿಯನ್ನೇ ಆರಿಸಿಕೊಂಡಿದ್ದೇವೆ ಎಂದು ಭಾವಿಸಿದ್ದೆವು.

ನೀರಿನಲ್ಲಿ ಕರಗುವ ಮರಳಿನ ಅಚ್ಚಿನ ಮೇಲೆ ಮೊದಲು ಅಕ್ಷಕ್ಕೆ 15 ಡಿಗ್ರಿ ಕೋನದ ಹೆಲಿಕಲ್ (ಓರೆ ಸುರುಳಿಯ) ಪದರಗಳನ್ನು ಸುತ್ತಿ, ಅದರ ಮೇಲೆ ಹೂಪ್ (ಬಳೆಯಂತೆ ಸುತ್ತಳತೆಗುಂಟ ಸುತ್ತುವ) ಪದರಗಳನ್ನೆಲ್ಲ ಒಟ್ಟಾಗಿ ಸುತ್ತಿದ್ದೇವೆ. ಒದ್ದೆ ರೆಸಿನ್ ವಿಧಾನ, 120 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕ್ಯೂರ್, ಅಂದರೆ ರೆಸಿನ್ ಗಟ್ಟಿಯಾಗಿಸುವುದು.

ಮಾಡಿದ ಪರೀಕ್ಷೆಗಳು ಇಷ್ಟು. ಒಂದೇ ದಿಕ್ಕಿನ ನಾರುಗಳಿರುವ ಚಪ್ಪಟೆ ಪಟ್ಟಿಗಳನ್ನು ಎಎಸ್‌ಟಿಎಂ ಡಿ 3039 ಎಂಬ ಪರೀಕ್ಷಾ ಮಾನದಂಡದ ಪ್ರಕಾರ ಕೋಣೆಯ ತಾಪಮಾನದಲ್ಲೂ ದ್ರವ ಸಾರಜನಕದಲ್ಲಿ ಮುಳುಗಿಸಿಯೂ ಎಳೆದೆವು; ಬಲದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಪಾತ್ರೆಯ ಜೊತೆಯಲ್ಲೇ ಸುತ್ತಿದ ಉಂಗುರಗಳನ್ನು ಡಿ 2290ರ ಸ್ಪ್ಲಿಟ್ ಡಿಸ್ಕ್ (ಉಂಗುರದೊಳಗೆ ಎರಡು ಅರ್ಧತಟ್ಟೆಗಳನ್ನಿಟ್ಟು ದೂರಕ್ಕೆ ಎಳೆಯುವ) ವಿಧಾನದಲ್ಲಿ ಎಳೆದಾಗಲೂ ಫಲಿತಾಂಶ ಚೆನ್ನಾಗಿತ್ತು. ಪಾತ್ರೆಯನ್ನು ಕೋಣೆಯ ತಾಪಮಾನದಲ್ಲಿ ನೀರು ತುಂಬಿ 30 ಬಾರ್‌ವರೆಗೆ ಏರಿಸಿ ಅರ್ಧ ಗಂಟೆ ಹಿಡಿದೆವು, ಒತ್ತಡ ಇಳಿಯಲಿಲ್ಲ. ನಂತರ ದ್ರವ ಸಾರಜನಕ ತುಂಬಿ 20 ಬಾರ್‌ಗೆ ಏರಿಸುವುದು, ಖಾಲಿ ಮಾಡುವುದು, ರಾತ್ರಿಯಿಡೀ ಬೆಚ್ಚಗಾಗಲು ಬಿಡುವುದು, ಹೀಗೆ ಆವರ್ತಗಳನ್ನು ಪ್ರಾರಂಭಿಸಿದೆವು. ಮೂರನೆಯ ಆವರ್ತದ ಮರುದಿನ 5 ಬಾರ್ ಹೀಲಿಯಂ ತುಂಬಿ ಸೋಪಿನ ನೀರು ಹಚ್ಚಿದಾಗ ಸಿಲಿಂಡರಿನ ನಡುಭಾಗದಲ್ಲಿ ಸಾಲುಸಾಲಾಗಿ ಸಣ್ಣ ಗುಳ್ಳೆಗಳು ಎದ್ದವು. ಬಾಸ್‌ಗಳ (ತುದಿಗಳಲ್ಲಿ ಕೊಳವೆ ಜೋಡಿಸುವ ಭಾಗಗಳ) ಬಳಿ, ಅಂದರೆ ನಾವು ಹೆದರಿದ್ದ ಜಾಗದಲ್ಲಿ, ಒಂದೂ ಇಲ್ಲ. ಹೊರಗಿನಿಂದ ಬರಿಗಣ್ಣಿಗೆ ಯಾವ ಬಿರುಕೂ ಕಾಣುವುದಿಲ್ಲ.

ಬಲದ ಪರೀಕ್ಷೆಯಲ್ಲಿ ಗೆದ್ದ ವಸ್ತು ಪಾತ್ರೆಯಾದಾಗ ಏಕೆ ಸೋತಿತು, ಇದನ್ನು ಮೊದಲೇ ತೋರಿಸಬಲ್ಲ ಪರೀಕ್ಷೆ ಯಾವುದು ಎಂಬುದು ನನ್ನ ಮುಖ್ಯ ಪ್ರಶ್ನೆ. ಅಲ್ಯೂಮಿನಿಯಂ ಲೈನರ್ ಹಾಕಿಬಿಡೋಣ ಎಂಬ ಒತ್ತಾಯವೂ ಮೇಲಿನಿಂದ ಬರುತ್ತಿದೆ. ಅದರ ಬಗ್ಗೆಯೂ ಅನುಭವಿಗಳು ಹೇಳಬೇಕೆಂದು ವಿನಂತಿ.

ಅಡ್ಡಪದರ

ನೀವು ಪರೀಕ್ಷಿಸಿದ್ದು ನಾರನ್ನು, ಸೋತದ್ದು ರೆಸಿನ್. ನಾರಿನ ದಿಕ್ಕಿನಲ್ಲಿ ಎಳೆದ ಪಟ್ಟಿಯ ಬಲವನ್ನು ನಿರ್ಧರಿಸುವುದು ಬಹುಪಾಲು ನಾರೇ, ಮತ್ತು ಕಾರ್ಬನ್ ನಾರಿಗೆ 77 ಕೆಲ್ವಿನ್ ಒಂದು ದೊಡ್ಡ ಸಂಗತಿಯಲ್ಲ. ಸ್ಪ್ಲಿಟ್ ಡಿಸ್ಕ್ ಉಂಗುರವೂ ಹೂಪ್ ನಾರುಗಳ ಬಲವನ್ನೇ ಹೇಳುತ್ತದೆ. ನಮ್ಮ ಮನೆಗಳ ಮಾಳಿಗೆಯ ಮೇಲಿನ ಕಾಂಕ್ರೀಟು ನೀರಿನ ತೊಟ್ಟಿಯನ್ನು ನೆನಪಿಸಿಕೊಳ್ಳಿ: ಒಳಗಿನ ಕಂಬಿ ಎಷ್ಟೇ ಗಟ್ಟಿಯಾಗಿದ್ದರೂ ಗಾರೆ ಬಿರುಕು ಬಿಟ್ಟರೆ ನೀರು ಹೊರಗೆ ಬರುತ್ತದೆ, ತೊಟ್ಟಿ ಮಾತ್ರ ಬೀಳದೆ ನಿಂತಿರುತ್ತದೆ. ನಿಮ್ಮ ಪಾತ್ರೆಯನ್ನು ಇವತ್ತು ಒಡೆಯುವವರೆಗೆ ಒತ್ತಿದರೆ, ಒಳಗೊಂದು ರಬ್ಬರ್ ಚೀಲವಿಟ್ಟು ಸೋರಿಕೆಯನ್ನು ತಡೆದು ಒತ್ತಿದರೆ, ಅದು ಹೊಸ ಪಾತ್ರೆಯಷ್ಟೇ ಒತ್ತಡವನ್ನು ತಾಳಿಕೊಂಡರೂ ನನಗೆ ಆಶ್ಚರ್ಯವಾಗುವುದಿಲ್ಲ.

ಲೆಕ್ಕವನ್ನು ಒಮ್ಮೆ ಹಾಕಿ ನೋಡೋಣ. ಕಾರ್ಬನ್ ನಾರು ತನ್ನ ಉದ್ದದ ದಿಕ್ಕಿನಲ್ಲಿ ತಣ್ಣಗಾದಾಗ ಕುಗ್ಗುವುದಿಲ್ಲ, ಕೂದಲೆಳೆಯಷ್ಟು ಹಿಗ್ಗುತ್ತದೆ ಎಂದೇ ಹೇಳಬೇಕು. ಎಪಾಕ್ಸಿಯಾದರೋ ಕೋಣೆಯ ತಾಪಮಾನದಿಂದ 77 ಕೆಲ್ವಿನ್‌ಗೆ ಇಳಿಯುವಾಗ ಒಂದು ಶೇಕಡಾದಷ್ಟು ಕುಗ್ಗುತ್ತದೆ. ಎರಡೂ ಸೇರಿದ ಪದರವೊಂದು ನಾರಿಗೆ ಅಡ್ಡವಾಗಿ ಪ್ರತಿ ಡಿಗ್ರಿಗೆ ಸುಮಾರು ಹತ್ತು ಲಕ್ಷದಲ್ಲಿ 25ರಿಂದ 30 ಪಾಲು ಕುಗ್ಗಬಯಸುತ್ತದೆ. ತಾಪಮಾನ ಇಳಿದಂತೆ ಈ ಸಂಖ್ಯೆಯೂ ಇಳಿಯುತ್ತದೆ. ಆದರೆ ಅದಕ್ಕೆ ಅಡ್ಡಲಾಗಿ ಅಂಟಿಕೊಂಡಿರುವ ಪಕ್ಕದ ಪದರದ ನಾರುಗಳು ಅದನ್ನು ಕುಗ್ಗಲು ಬಿಡುವುದಿಲ್ಲ. ಪದರಗಳ ನಡುವೆ ಸ್ಟ್ರೆಸ್ (ಒಳಗಿನ ಎಳೆತ) ಇಲ್ಲದ ಸ್ಥಿತಿ ಇದ್ದದ್ದು ಕ್ಯೂರ್ ಆದ 120 ಡಿಗ್ರಿಯ ಆಸುಪಾಸಿನಲ್ಲಿ. ಅಲ್ಲಿಂದ ಮೈನಸ್ 196ಕ್ಕೆ ಇಳಿದರೆ ವ್ಯತ್ಯಾಸ 316 ಡಿಗ್ರಿ. ತಡೆಹಿಡಿಯಲ್ಪಟ್ಟ ಈ ಕುಗ್ಗುವಿಕೆ ಪದರದ ಅಡ್ಡ ದಿಕ್ಕಿನಲ್ಲಿ ಸುಮಾರು 0.6 ಶೇಕಡಾ ಎಳೆತದ ಸ್ಟ್ರೇನ್ (ಉದ್ದದಲ್ಲಾಗುವ ಶೇಕಡಾವಾರು ಬದಲಾವಣೆ) ಆಗಿ ಉಳಿಯುತ್ತದೆ. ಒತ್ತಡವನ್ನು ನೀವು ಇನ್ನೂ ಹಾಕಿಯೇ ಇಲ್ಲ.

ಈಗ 20 ಬಾರ್ ಸೇರಿಸಿ. 150 ಮಿ.ಮೀ. ತ್ರಿಜ್ಯ, 2 ಮಿ.ಮೀ. ದಪ್ಪಕ್ಕೆ ಹೂಪ್ ಸ್ಟ್ರೆಸ್ 150 ಮೆಗಾಪ್ಯಾಸ್ಕಲ್. ನಿಮ್ಮ ಸುತ್ತುವಿಕೆಯ ಬಿಗುವು (ಹಿಗ್ಗದೆ ತಡೆಯುವ ಗುಣ) ಆ ದಿಕ್ಕಿನಲ್ಲಿ 70ರಿಂದ 75 ಗಿಗಾಪ್ಯಾಸ್ಕಲ್ ಇರಬಹುದೆಂದು ಊಹಿಸಿದರೆ ಸ್ಟ್ರೇನ್ 0.2 ಶೇಕಡಾ. ಹೆಲಿಕಲ್ ಪದರದ ನಾರುಗಳು ಅಕ್ಷದ ದಿಕ್ಕಿಗೆ ಹತ್ತಿರವಾಗಿರುವುದರಿಂದ ಈ ಹೂಪ್ ಸ್ಟ್ರೇನ್ ಬೀಳುವುದು ಅವುಗಳ ಅಡ್ಡ ದಿಕ್ಕಿನ ಮೇಲೆಯೇ. ಒಟ್ಟು 0.8. ಸಾಮಾನ್ಯ ಎಪಾಕ್ಸಿಯ ಪದರ ಅಡ್ಡಲಾಗಿ ಒಡೆಯುವುದು ಅರ್ಧದಿಂದ ಮುಕ್ಕಾಲು ಶೇಕಡಾದೊಳಗೆ, ಮತ್ತು ತಣ್ಣಗಾದ ರೆಸಿನ್ ಇನ್ನಷ್ಟು ಬಿಗಿಯಾಗಿ, ಇನ್ನಷ್ಟು ಪೆಡಸಾಗಿರುತ್ತದೆ. ಹಾಗಾಗಿ ಬಿರುಕು ಬಂದದ್ದು ತಯಾರಿಕೆಯ ತಪ್ಪಿನಿಂದಲೇ ಎಂದು ನಿಮ್ಮ ಹುಡುಗರನ್ನು ದೂರಬೇಡಿ. ಲೆಕ್ಕವೇ ಅದನ್ನು ಹೇಳುತ್ತಿದೆ.

ಹೂಪ್ ಪದರಗಳಿಗೆ ಅಕ್ಷದ ದಿಕ್ಕೇ ಅಡ್ಡ ದಿಕ್ಕಾದ್ದರಿಂದ ಅಲ್ಲಿಯೂ ಇದೇ ಕಥೆ ನಡೆಯುತ್ತದೆ. ಒಂದು ಪದರದ ಬಿರುಕುಗಳು ಮಾತ್ರ ಇದ್ದರೆ ಅನಿಲಕ್ಕೆ ಹೊರಬರಲು ದಾರಿಯಿಲ್ಲ. ಎರಡು ಕಡೆಯ ಬಿರುಕುಗಳು ಚಾಪೆಯ ಹೆಣಿಗೆಯಂತೆ ಒಂದನ್ನೊಂದು ದಾಟುವಲ್ಲಿ, ಆ ದಾಟುಬಿಂದುಗಳು ಎಲ್ಲ ಪದರಗಳಲ್ಲಿಯೂ ಕೂಡಿಕೊಂಡಾಗ, ಒಳಗಿನಿಂದ ಹೊರಗಿನವರೆಗೆ ಒಂದು ಕಿರಿದಾದ ಓಣಿ ತೆರೆಯುತ್ತದೆ. ಮೊದಲ ಎರಡು ಆವರ್ತಗಳಲ್ಲಿ ಬಿರುಕುಗಳು ಹುಟ್ಟುತ್ತಿದ್ದವು, ಮೂರನೆಯದರಲ್ಲಿ ಕೂಡಿಕೊಂಡವು ಎಂದು ನಾನು ಓದುತ್ತೇನೆ. ಕೋಣೆಯ ತಾಪಮಾನದಲ್ಲಿ 30 ಬಾರ್‌ಗೆ ಏರಿಸಿದಾಗಲೇ ಕೆಲವು ಹುಟ್ಟಿರಲೂಬಹುದು. ಆಗ ಉಷ್ಣದ ಪಾಲು ಸುಮಾರು 0.25, ಒತ್ತಡದ ಪಾಲು 0.3, ಇದು ಅಂಚಿನ ಮೇಲೆಯೇ ಇದೆ.

ಆದ್ದರಿಂದ ಬಿಟ್ಟುಹೋದ ಪರೀಕ್ಷೆ ಎಂದರೆ ಅಡ್ಡ ಪದರಗಳಿರುವ ಪಟ್ಟಿಯನ್ನು ತಣಿಸಿ, ಬೆಚ್ಚಗಾಗಿಸಿ, ಪ್ರತಿ ಹಂತದಲ್ಲೂ ಬಿರುಕುಗಳನ್ನು ಎಣಿಸುವುದು. ಪಟ್ಟಿಯ ಅಂಚನ್ನು ಕನ್ನಡಿಯಂತೆ ಪಾಲಿಷ್ ಮಾಡಿ, 1, 3, 10, 30, 100 ಆವರ್ತಗಳ ನಂತರ ಸೂಕ್ಷ್ಮದರ್ಶಕದಡಿ ಒಂದು ಸೆಂಟಿಮೀಟರಿಗೆ ಎಷ್ಟು ಬಿರುಕು ಎಂದು ಬರೆದಿಡಿ. ರೆಸಿನ್‌ಗಳನ್ನು ಹೋಲಿಸಲು ಇದಕ್ಕಿಂತ ಅಗ್ಗವಾದ ಪರೀಕ್ಷೆ ನನಗೆ ತಿಳಿದಿಲ್ಲ. ಒಂದು ದ್ರವ ಸಾರಜನಕದ ಡ್ಯೂವರ್ (ಶೀತದ್ರವ ಇಡುವ ನಿರ್ವಾತ ಗೋಡೆಯ ಪಾತ್ರೆ), ಒಂದು ಪಾಲಿಷಿಂಗ್ ಯಂತ್ರ, ಒಂದು ಸೂಕ್ಷ್ಮದರ್ಶಕ, ಮತ್ತು ತಾಳ್ಮೆಯಿರುವ ಒಬ್ಬ ವ್ಯಕ್ತಿ ಸಾಕು.

ಶೀತಮಾಪಕ

ಮೇಲಿನ ವಿವರಣೆಯನ್ನು ಪೂರ್ತಿ ಒಪ್ಪುತ್ತೇನೆ. ಪರೀಕ್ಷಾ ಯಂತ್ರದ ಕಡೆಯಿಂದ ಕೆಲವು ಮಾತುಗಳನ್ನು ಸೇರಿಸುತ್ತೇನೆ, ಏಕೆಂದರೆ ಈ ತಾಪಮಾನದಲ್ಲಿ ತಪ್ಪು ಫಲಿತಾಂಶ ಪಡೆಯುವುದು ಸರಿಯಾದ ಫಲಿತಾಂಶ ಪಡೆಯುವುದಕ್ಕಿಂತ ಬಹಳ ಸುಲಭ. ಹನ್ನೊಂದು ವರ್ಷಗಳಿಂದ ಇದೇ ಕೆಲಸ ಮಾಡುತ್ತಿದ್ದೇನೆ.

ಮೊದಲನೆಯದಾಗಿ, ತಣಿಸುವಾಗ ಯಂತ್ರ ಯಾವ ಹಿಡಿತದಲ್ಲಿತ್ತು ಎಂದು ನೋಡಿಕೊಳ್ಳಿ. ಕ್ರಾಸ್‌ಹೆಡ್ (ಪಟ್ಟಿಯನ್ನು ಎಳೆಯುವ ಚಲಿಸುವ ಅಡ್ಡತೊಲೆ) ಅನ್ನು ಒಂದೇ ಸ್ಥಾನದಲ್ಲಿ ನಿಲ್ಲಿಸಿ ದ್ರವ ಸಾರಜನಕ ಸುರಿದರೆ ಎಳೆಯುವ ಸರಳುಗಳು ಕುಗ್ಗಿ ಪಟ್ಟಿಯನ್ನು ತಾವಾಗಿಯೇ ಎಳೆಯುತ್ತವೆ. ಅರ್ಧ ಮೀಟರ್ ಉದ್ದದ ಸ್ಟೇನ್‌ಲೆಸ್ ಸ್ಟೀಲ್ ಸರಳು ಪೂರ್ತಿ ತಣ್ಣಗಾದರೆ ಸುಮಾರು 1.4 ಮಿ.ಮೀ. ಗಿಡ್ಡವಾಗುತ್ತದೆ. ಅಡ್ಡ ಪದರದ ದುರ್ಬಲ ಪಟ್ಟಿಗೆ ಇಷ್ಟೇ ಸಾಕು, ಪರೀಕ್ಷೆ ಪ್ರಾರಂಭವಾಗುವ ಮೊದಲೇ ಅದು ಮುರಿದಿರುತ್ತದೆ. ಲೋಡ್ ಕಂಟ್ರೋಲ್‌ನಲ್ಲಿ ಶೂನ್ಯ ಬಲ ಹಿಡಿದು ತಣಿಸಿ. ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷ ಇದನ್ನು ತಿಳಿಯದೆ ಒಂದು ಇಡೀ ಕಂತಿನ ಪಟ್ಟಿಗಳನ್ನು ಕಳೆದುಕೊಂಡಿದ್ದೆ.

ಹಿಡಿಕೆಗಳ ವಿಷಯಕ್ಕೆ ಬಂದರೆ, ಹೈಡ್ರಾಲಿಕ್ ಗ್ರಿಪ್‌ಗಳನ್ನು ಶೀತದಿಂದ ಹೊರಗಿಡಬೇಕು. ಎಣ್ಣೆಯೂ ಸೀಲುಗಳೂ ಅದನ್ನು ತಾಳುವುದಿಲ್ಲ. ಒಳಗೆ ಯಾಂತ್ರಿಕ ವೆಜ್ ಗ್ರಿಪ್ ಅಥವಾ ಪಿನ್ ಜೋಡಣೆ ಬಳಸಿ, ತಣ್ಣಗಾದ ಮೇಲೆ ಬೋಲ್ಟ್‌ಗಳು ಸಡಿಲವಾಗುವುದನ್ನು ಲೆಕ್ಕದಲ್ಲಿಟ್ಟುಕೊಳ್ಳಿ. ಪಟ್ಟಿಯ ತುದಿಗಳಿಗೆ ಗ್ಲಾಸ್ ಎಪಾಕ್ಸಿ ಟ್ಯಾಬ್ (ಹಿಡಿಕೆ ಕಚ್ಚುವ ರಕ್ಷಣಾ ತುಂಡು) ಅಂಟಿಸುವಾಗ ಶೀತದಲ್ಲಿ ಪೆಡಸಾಗಿ ಎದ್ದುಬರುವ ಅಂಟನ್ನು ಬಳಸಬೇಡಿ. ಮುರಿತ ಟ್ಯಾಬಿನೊಳಗೆ ಆಗಿದ್ದರೆ ಆ ಸಂಖ್ಯೆಯನ್ನು ವರದಿಯಲ್ಲಿ ಸೇರಿಸಬೇಡಿ.

ಸ್ಟ್ರೇನ್ ಗೇಜ್ (ಪಟ್ಟಿಗೆ ಅಂಟಿಸಿ ಸ್ಟ್ರೇನ್ ಅಳೆಯುವ ತೆಳು ಸೆನ್ಸರ್) ಆರಿಸುವಾಗ ಸಾಮಾನ್ಯ ಕಾನ್‌ಸ್ಟಂಟಾನ್ ಮಿಶ್ರಲೋಹದ ಬದಲು ಕರ್ಮಾ ಮಿಶ್ರಲೋಹದ, 350 ಓಮ್‌ನ ಗೇಜ್ ಒಳ್ಳೆಯದು. ಅಂಟು ಶಾಖದಲ್ಲಿ ಕ್ಯೂರ್ ಆಗುವ ಎಪಾಕ್ಸಿ ಜಾತಿಯದಾಗಿರಲಿ. ಯಾವ ಬಲವೂ ಇಲ್ಲದಿರುವಾಗಲೂ ತಣಿಯುವುದರಿಂದಲೇ ಗೇಜ್ ಒಂದು ಸ್ಟ್ರೇನ್ ತೋರಿಸುತ್ತದೆ. ಅದನ್ನು ಕಳೆಯಲು ಅದೇ ಸುತ್ತುವಿಕೆಯ, ಬಲ ಹಾಕದ ಇನ್ನೊಂದು ತುಂಡಿನ ಮೇಲೆ ಅದೇ ಕಂತಿನ ಗೇಜ್ ಅಂಟಿಸಿ ಪಕ್ಕದಲ್ಲೇ ಮುಳುಗಿಸಿ. ಗೇಜಿನ ವಿದ್ಯುತ್ತನ್ನು ಕಡಿಮೆ ಇಡಿ. ಇಲ್ಲದಿದ್ದರೆ ಅದರ ಮೇಲೆಯೇ ದ್ರವ ಕುದಿದು ಅಳತೆ ಅಲುಗಾಡುತ್ತದೆ.

ತಾಪಮಾನ ನೆಲೆನಿಂತಿತೇ ಎಂದು ತಿಳಿಯಲು ಕುದಿತವನ್ನು ಗಮನಿಸಿ. ಮೊದಲು ಪಟ್ಟಿಯ ಸುತ್ತ ಆವಿಯ ಪೊರೆ ಕಟ್ಟಿಕೊಂಡು ದ್ರವ ಮುಟ್ಟುವುದೇ ಇಲ್ಲ. ಕಾದ ಹಂಚಿನ ಮೇಲೆ ನೀರಿನ ಹನಿ ಓಡಾಡುವ ಹಾಗೆ. ನಂತರ ಒಮ್ಮೆಲೇ ಜೋರಾಗಿ ಕುದಿದು ಶಾಂತವಾಗುತ್ತದೆ. ಅದಾದ ಮೇಲೂ ಕನಿಷ್ಠ ಹತ್ತು ನಿಮಿಷ ಕಾಯುತ್ತೇನೆ, ಜೊತೆಗೆ ಬಲ ಹಾಕದ ತುಂಡಿನ ಮಧ್ಯದಲ್ಲಿ ಹುದುಗಿಸಿದ ಟಿ ಜಾತಿಯ ಥರ್ಮೋಕಪಲ್ (ತಾಪಮಾನ ಅಳೆಯುವ ತಂತಿಜೋಡಿ) ನೋಡುತ್ತೇನೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ಸಾರಜನಕ ಕುದಿಯುವುದು 77.4 ಕೆಲ್ವಿನ್‌ನಲ್ಲಲ್ಲ, ಅದಕ್ಕಿಂತ ಸರಿಸುಮಾರು ಒಂದು ಕೆಲ್ವಿನ್ ಕೆಳಗೆ. ವಸ್ತುವಿನ ಗುಣಕ್ಕೆ ಇದರಿಂದ ಏನೂ ಆಗದು, ಆದರೆ ಸೆನ್ಸರ್ ತಿದ್ದುವಾಗ ಪುಸ್ತಕದ ಸಂಖ್ಯೆಯನ್ನೇ ಹಾಕಿದರೆ ಆ ಒಂದು ಕೆಲ್ವಿನ್ ತಪ್ಪು ಎಲ್ಲ ಅಳತೆಗಳಲ್ಲೂ ಉಳಿದುಬಿಡುತ್ತದೆ.

ಇನ್ನೊಂದು ಮಾತು. ನೀರಿನ ಪರೀಕ್ಷೆಯ ನಂತರ ಪಾತ್ರೆಯನ್ನು ಒಣಗಿಸಿದಿರಾ? ಮಳೆಗಾಲದ ತಿಂಗಳುಗಳಲ್ಲಿ ಎಪಾಕ್ಸಿ ಗಾಳಿಯಿಂದಲೂ ತೇವ ಹೀರುತ್ತದೆ. ಸೂಕ್ಷ್ಮ ಬಿರುಕಿನಲ್ಲಿ ನೀರು ಉಳಿದಿದ್ದರೆ ಅದು ಹೆಪ್ಪುಗಟ್ಟಿ ಬಿರುಕನ್ನು ಅಗಲಿಸುತ್ತದೆ, ಅಥವಾ ತಾತ್ಕಾಲಿಕವಾಗಿ ಸೋರಿಕೆಯನ್ನು ಮುಚ್ಚಿಟ್ಟು ನಿಮ್ಮನ್ನು ದಾರಿತಪ್ಪಿಸುತ್ತದೆ. ಪಟ್ಟಿಗಳನ್ನೂ ಪಾತ್ರೆಯನ್ನೂ ನಿರ್ವಾತದ ಓವನ್‌ನಲ್ಲಿ, ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿ.

ನಾರುಸುತ್ತು

ಇಬ್ಬರಿಗೂ ಮನಃಪೂರ್ವಕ ಧನ್ಯವಾದಗಳು. ಒಣಗಿಸುವ ಕೆಲಸವನ್ನು ನಾವು ಮಾಡಿರಲಿಲ್ಲ. ಒಳಗೆ ಬಿಸಿ ಗಾಳಿ ಊದಿ ಸಾಕೆಂದುಕೊಂಡಿದ್ದೆವು. ಯಂತ್ರವೂ ಸ್ಥಾನದ ಹಿಡಿತದಲ್ಲೇ ಇತ್ತು ಎಂದು ದಾಖಲೆ ಹೇಳುತ್ತಿದೆ. ನಾರಿನ ದಿಕ್ಕಿನ ಪಟ್ಟಿ ಬಲವಾದದ್ದರಿಂದ ಆ ತಪ್ಪು ಫಲಿತಾಂಶದಲ್ಲಿ ಕಾಣಿಸಲಿಲ್ಲ ಅನಿಸುತ್ತದೆ.

ನನ್ನ ಅನುಮಾನ ಒಂದಿದೆ. ಪಟ್ಟಿಯನ್ನು ಕೋಣೆಯ ತಾಪಮಾನದಿಂದ ನೇರವಾಗಿ ದ್ರವ ಸಾರಜನಕಕ್ಕೆ ಅದ್ದುವುದು ಪಾತ್ರೆಯನ್ನು ನಿಧಾನವಾಗಿ ತುಂಬುವುದಕ್ಕಿಂತ ಕ್ರೂರವಲ್ಲವೇ? ಅದ್ದಿದ ಪಟ್ಟಿಯಲ್ಲಿ ಬಿರುಕು ಕಂಡರೆ, ಪಾತ್ರೆಯಲ್ಲಿ ಬಾರದ ಬಿರುಕಿಗೆ ಹೆದರಿ ಒಳ್ಳೆಯ ರೆಸಿನ್ ಒಂದನ್ನು ತಿರಸ್ಕರಿಸಿದಂತಾಗುವುದಿಲ್ಲವೇ?

ಗೋಡೆಯಾಚೆ

ಈ ಅನುಮಾನ ಸರಿಯಾದದ್ದು, ಮತ್ತು ಅಡ್ಡಪದರ ಅವರ ಸಲಹೆಗೆ ನನ್ನ ಆಕ್ಷೇಪವೂ ಇಲ್ಲೇ ಇದೆ. ಕತ್ತರಿಸಿದ ಪಟ್ಟಿಗೆ ಅಂಚುಗಳಿರುತ್ತವೆ, ಸಿಲಿಂಡರಿಗೆ ಅಂಚೇ ಇಲ್ಲ. ಪದರಗಳು ಬೇರೆಬೇರೆಯಾಗಿ ಕುಗ್ಗಬಯಸುವಾಗ ಮುಕ್ತ ಅಂಚಿನಲ್ಲಿ ಸ್ಟ್ರೆಸ್ ಏರುತ್ತದೆ, ಬಿರುಕು ಅಲ್ಲಿಂದ ಪ್ರಾರಂಭವಾಗುತ್ತದೆ. ಅಂಚನ್ನು ಮಾತ್ರ ನೋಡಿ ಎಣಿಸಿದವರು ಪಟ್ಟಿಯ ಅಗಲದುದ್ದಕ್ಕೂ ಆ ಬಿರುಕು ಹರಡಿದೆ ಎಂದು ಭಾವಿಸುತ್ತಾರೆ, ಕೆಲವು ಸಲ ಅದು ಒಂದೆರಡು ಮಿ.ಮೀ. ಒಳಗೇ ನಿಂತಿರುತ್ತದೆ. ಎಣಿಸಿದ ಮೇಲೆ ಅಂಚನ್ನು ಎರಡು ಮೂರು ಮಿ.ಮೀ. ಉಜ್ಜಿ ತೆಗೆದು ಮತ್ತೊಮ್ಮೆ ಪಾಲಿಷ್ ಮಾಡಿ ಎಣಿಸಬೇಕು, ಅಥವಾ ಎಕ್ಸ್‌ರೇಗೆ ಕಾಣುವ ಜಿಂಕ್ ಅಯೋಡೈಡ್ ದ್ರಾವಣವನ್ನು ಬಿರುಕಿಗೆ ಇಳಿಸಿ ಚಿತ್ರ ತೆಗೆಯಬೇಕು.

ತಣಿಸುವ ವೇಗದ ವಿಷಯದಲ್ಲಿ ಮಾತ್ರ ಪಾತ್ರೆಗೆ ರಿಯಾಯಿತಿ ಕೊಡಲು ನನಗೆ ಮನಸ್ಸಿಲ್ಲ. 2 ಮಿ.ಮೀ. ದಪ್ಪದ ಪಟ್ಟಿ ಎರಡೂ ಕಡೆಯಿಂದ ಒಂದೇ ಸಮನೆ ತಣಿಯುತ್ತದೆ. ಪಾತ್ರೆಯೋ ಒಳಗಿನಿಂದ ಮಾತ್ರ, ಕೆಳಗಿನಿಂದ ಮೇಲಕ್ಕೆ, ದ್ರವದ ಮಟ್ಟ ಏರಿದಂತೆ ತಣಿಯುತ್ತದೆ. ಒಳ ಪದರ ತಣ್ಣಗಾಗಿ ಹೊರ ಪದರ ಇನ್ನೂ ಬೆಚ್ಚಗಿರುವ ಹೊತ್ತು, ಮತ್ತು ದ್ರವದ ಮಟ್ಟದ ಗೆರೆಯ ಮೇಲೆ ಕೆಳಗೆ ಇರುವ ವ್ಯತ್ಯಾಸ, ಇವೆರಡೂ ಪಟ್ಟಿಯ ಪರೀಕ್ಷೆಯಲ್ಲಿ ಬರುವುದೇ ಇಲ್ಲ.

ಅದಕ್ಕಿಂತ ಮುಖ್ಯವಾದದ್ದು, ಬಿರುಕಿನ ಎಣಿಕೆ ಸೋರಿಕೆಯ ಅಳತೆಯಲ್ಲ. ಒಂದು ದಿಕ್ಕಿನಲ್ಲಿ ಎಳೆದ ಪಟ್ಟಿಯಲ್ಲಿ ಒಂದು ದಿಕ್ಕಿನ ಬಿರುಕುಗಳಷ್ಟೇ ಚೆನ್ನಾಗಿ ತೆರೆಯುತ್ತವೆ. ಪಾತ್ರೆಯ ಗೋಡೆಯನ್ನು ಒತ್ತಡ ಎರಡು ದಿಕ್ಕಿನಲ್ಲೂ ಎಳೆಯುತ್ತದೆ. ಶಿಲುಬೆಯಾಕಾರದ ಮಾದರಿಯನ್ನು ಎರಡು ಅಕ್ಷಗಳಲ್ಲಿ ಎಳೆಯುತ್ತಾ ಒಂದು ಮುಖಕ್ಕೆ ಹೀಲಿಯಂ ಕೊಟ್ಟು ಇನ್ನೊಂದು ಮುಖದಲ್ಲಿ ಮಾಸ್ ಸ್ಪೆಕ್ಟ್ರೋಮೀಟರ್ ಲೀಕ್ ಡಿಟೆಕ್ಟರ್ (ಸೋರಿದ ಹೀಲಿಯಂ ಅಳೆಯುವ ಉಪಕರಣ) ಇಡುವುದು ಪ್ರಯೋಗಾಲಯದ ದಾರಿ. ನಿಮ್ಮಂಥ ಕಾರ್ಯಾಗಾರಕ್ಕೆ ಸುಲಭವಾದದ್ದು 100 ಅಥವಾ 150 ಮಿ.ಮೀ. ವ್ಯಾಸದ ಸಣ್ಣ ಕೊಳವೆಗಳನ್ನು ಅದೇ ಯಂತ್ರದಲ್ಲಿ, ಅದೇ ಕೋನ ಮತ್ತು ಅದೇ ರೆಸಿನ್‌ನಿಂದ ಸುತ್ತಿ, ತುದಿಗಳನ್ನು ಮುಚ್ಚಿ, ನಿರ್ವಾತದ ಕವಚದೊಳಗಿಟ್ಟು ಪರೀಕ್ಷಿಸುವುದು. ಅಳೆಯಬೇಕಾದದ್ದು ತಣ್ಣಗಿರುವಾಗ ಮತ್ತು ಒತ್ತಡ ಇರುವಾಗ. ಬೆಚ್ಚಗಾದ ಮೇಲೆ, ಒತ್ತಡ ಇಳಿದ ಮೇಲೆ ಬಿರುಕಿನ ತುಟಿಗಳು ಕೂಡಿಕೊಳ್ಳುತ್ತವೆ. ನಿಮ್ಮ ಮೊದಲ ಎರಡು ಆವರ್ತಗಳ ನಂತರ ಗುಳ್ಳೆ ಬಂದಿರಲಿಲ್ಲ ಎಂದೇ ಇಟ್ಟುಕೊಳ್ಳೋಣ. ಆಗಲೂ ಪಾತ್ರೆ ತಣ್ಣಗಿದ್ದಾಗ ಸೋರುತ್ತಿತ್ತೇ ಇಲ್ಲವೇ ಎಂಬುದಕ್ಕೆ ಸೋಪಿನ ನೀರು ಸಾಕ್ಷಿಯಾಗಲಾರದು.

ಇಂಥ ಪರೀಕ್ಷೆಯಲ್ಲಿ ಕಿವಿಯನ್ನೂ ಇಡಿ. ಅಕೌಸ್ಟಿಕ್ ಎಮಿಷನ್ (ಬಿರುಕು ಬಿಡುವ ಸದ್ದನ್ನು ಹಿಡಿಯುವ) ಸೆನ್ಸರ್‌ಗಳನ್ನು ಲೋಹದ ಸರಳಿನ ಮೂಲಕ ಶೀತದಿಂದ ದೂರವಿಟ್ಟು ಜೋಡಿಸಿದರೆ, ಒತ್ತಡ ಹಾಕುವ ಮೊದಲೇ, ಬರಿದೇ ತಣಿಯುವಾಗಲೇ ಪದರಗಳು ಚಿಟಿಚಿಟಿ ಎನ್ನುವುದು ದಾಖಲಾಗುತ್ತದೆ. ಎರಡನೆಯ ಆವರ್ತದಲ್ಲಿ ಹಿಂದಿನ ಗರಿಷ್ಠ ಒತ್ತಡ ಮುಟ್ಟುವ ಮೊದಲೇ ಸದ್ದು ಪ್ರಾರಂಭವಾದರೆ ಹಾನಿ ಬೆಳೆಯುತ್ತಿದೆ ಎಂದು ಅರ್ಥ.

ಬಿರುಕಿನಲ್ಲಿ ಸಿಕ್ಕಿಕೊಂಡ ದ್ರವ ಏನು ಮಾಡಬಲ್ಲದು ಎಂಬುದಕ್ಕೆ ದೊಡ್ಡ ಉದಾಹರಣೆ ನಾಸಾ ಮತ್ತು ಲಾಕ್‌ಹೀಡ್ ಮಾರ್ಟಿನ್ ಸೇರಿ ನಡೆಸುತ್ತಿದ್ದ ಎಕ್ಸ್-33 ಎಂಬ ಪ್ರಾಯೋಗಿಕ ಬಾಹ್ಯಾಕಾಶ ವಿಮಾನದ ಯೋಜನೆಯದು. 1999ರ ನವೆಂಬರಿನಲ್ಲಿ ಮಾರ್ಷಲ್ ಬಾಹ್ಯಾಕಾಶ ಕೇಂದ್ರದಲ್ಲಿ ಅದರ ಸಂಯುಕ್ತ ವಸ್ತುವಿನ ದ್ರವ ಜಲಜನಕದ ಟ್ಯಾಂಕನ್ನು ತುಂಬಿ ಪರೀಕ್ಷಿಸಲಾಯಿತು. ತುಂಬಿದ್ದಾಗ ಅದು ನಿಂತಿತು. ಖಾಲಿ ಮಾಡಿದ ನಂತರ, ಬೆಚ್ಚಗಾಗುವಾಗ, ಗೋಡೆಯ ಹೊರ ಹಾಳೆಯೂ ಜೇನುಗೂಡಿನಂಥ ತಿರುಳೂ ಒಳ ಹಾಳೆಯಿಂದ ಕಿತ್ತುಬಂದವು. ಒಳ ಹಾಳೆಯ ಸೂಕ್ಷ್ಮ ಬಿರುಕುಗಳ ಮೂಲಕ ಜಲಜನಕ ತಿರುಳಿಗೆ ನುಗ್ಗಿ, ಬೆಚ್ಚಗಾದಾಗ ಹೊರಬರಲಾರದೆ ಒತ್ತಡ ಏರಿಸಿತ್ತು. 2001ರಲ್ಲಿ ಆ ಯೋಜನೆಯೇ ನಿಂತುಹೋಯಿತು. ನಿಮ್ಮ ಆವರ್ತದಲ್ಲಿಯೂ ಬೆಚ್ಚಗಾಗುವ ಭಾಗವನ್ನು ರಾತ್ರಿಯ ಪಾಲಿಗೆ ಬಿಡದೆ ಒಬ್ಬರು ಕುಳಿತು ನೋಡಿ ದಾಖಲಿಸಬೇಕು ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಅಡ್ಡಪದರ

ಅಂಚಿನ ಆಕ್ಷೇಪವನ್ನು ಒಪ್ಪುತ್ತೇನೆ. ಉಜ್ಜಿ ಮತ್ತೆ ಎಣಿಸಬೇಕೆಂದು ನಾನೇ ಹೇಳಬೇಕಿತ್ತು. ಆದರೂ ಪಟ್ಟಿಯನ್ನು ಮೊದಲು, ಕೊಳವೆಯನ್ನು ನಂತರ ಎಂಬ ಕ್ರಮವನ್ನು ಬಿಡಲಾರೆ. ಆರು ರೆಸಿನ್‌ಗಳಿದ್ದರೆ ಆರು ಕೊಳವೆಗಳ ಸೋರಿಕೆ ಅಳೆಯಲು ತಿಂಗಳುಗಳು ಬೇಕು. ಪಟ್ಟಿಗಳು ಒಂದೇ ವಾರದಲ್ಲಿ ನಾಲ್ಕನ್ನು ಕೈಬಿಡಿಸುತ್ತವೆ.

ಲೈನರ್ ಬಗ್ಗೆ ಕೇಳಿದ್ದಿರಿ. ಅಲ್ಯೂಮಿನಿಯಂ ಕೋಣೆಯ ತಾಪಮಾನದಿಂದ 77 ಕೆಲ್ವಿನ್‌ಗೆ ಇಳಿಯುವಾಗ 0.39 ಶೇಕಡಾ ಕುಗ್ಗುತ್ತದೆ, ಹೊರಗಿನ ಕಾರ್ಬನ್ ಕವಚ ಸುತ್ತಳತೆಯಲ್ಲಿ ಅದರ ಹತ್ತನೆಯ ಒಂದು ಪಾಲಿನಷ್ಟೂ ಕುಗ್ಗಲಿಕ್ಕಿಲ್ಲ. 150 ಮಿ.ಮೀ. ತ್ರಿಜ್ಯದಲ್ಲಿ ಇದು ಅರ್ಧ ಮಿ.ಮೀ.ಗಿಂತ ಹೆಚ್ಚಿನ ಅಂತರ. ಆಟೋಫ್ರೆಟೇಜ್ ಮಾಡಿ (ಒಮ್ಮೆ ಹೆಚ್ಚು ಒತ್ತಡ ಕೊಟ್ಟು ಲೋಹ ಹಿಗ್ಗಿಯೇ ಉಳಿಯುವಂತೆ ಮಾಡಿ) ಲೈನರನ್ನು ಮೊದಲೇ ಒತ್ತಿ ಕೂರಿಸಿದ್ದರೆ ಅದರಲ್ಲಿ ಒಂದಷ್ಟು ಸರಿಹೋಗುತ್ತದೆ. ಉಳಿದದ್ದು ಲೈನರ್ ಕವಚದಿಂದ ಕಳಚಿಕೊಳ್ಳುವ ಎಳೆತವಾಗಿ, ಅಥವಾ ಪ್ರತಿ ಆವರ್ತದಲ್ಲೂ ಲೋಹ ಹಿಗ್ಗಿ ಕುಗ್ಗಿ ದಣಿಯುವ ಕಾರಣವಾಗಿ ಉಳಿಯುತ್ತದೆ. 2016ರ ಸೆಪ್ಟೆಂಬರ್ 1ರಂದು ಉಡಾವಣಾ ಕಟ್ಟೆಯ ಮೇಲೆಯೇ ಫಾಲ್ಕನ್ 9 ರಾಕೆಟ್ ನಾಶವಾದದ್ದು ನೆನಪಿರಬಹುದು. ಅದರ ದ್ರವ ಆಮ್ಲಜನಕದ ಟ್ಯಾಂಕಿನೊಳಗೆ ಮುಳುಗಿದ್ದ ಹೀಲಿಯಂ ಪಾತ್ರೆಗಳು ಅಲ್ಯೂಮಿನಿಯಂ ಲೈನರ್ ಮೇಲೆ ಕಾರ್ಬನ್ ಸುತ್ತಿದವು. ಲೈನರಿನ ಉಬ್ಬುತಗ್ಗಿಗೂ ಕವಚಕ್ಕೂ ನಡುವಿನ ಸಂದಿಯಲ್ಲಿ ಆಮ್ಲಜನಕ ಸೇರಿಕೊಂಡು, ನಾರಿನ ಒಡೆತ ಅಥವಾ ಉಜ್ಜಾಟದಿಂದ ಹೊತ್ತಿಕೊಂಡಿತು ಎಂಬುದು ತನಿಖೆಯ ತೀರ್ಮಾನ. ನಿಮ್ಮದು ಮೀಥೇನ್ ಆದ್ದರಿಂದ ಆ ಅಪಾಯ ಅದೇ ರೂಪದಲ್ಲಿ ಇಲ್ಲ. ಆದರೆ ಲೈನರ್ ಹಾಕಿದರೆ ಸೋರಿಕೆಯ ಪರೀಕ್ಷೆಯ ಬದಲು ಕಳಚುವಿಕೆಯ ಪರೀಕ್ಷೆ, ಲೋಹದ ದಣಿವಿನ ಪರೀಕ್ಷೆ, ಬೆಸುಗೆಯ ಪರೀಕ್ಷೆ ಇವೆಲ್ಲ ಹೊಸದಾಗಿ ಬರುತ್ತವೆ. ಪಾಲಿಥಿನ್ ಲೈನರ್ ಎಂದು ಯಾರಾದರೂ ಹೇಳಿದರೆ ಈ ತಾಪಮಾನದಲ್ಲಿ ಅದು ಪೆಡಸಾಗಿ ಒಡೆಯುತ್ತದೆ ಎಂದು ತಿಳಿಸಿ.

ನನ್ನ ಮಟ್ಟಿಗೆ, ಲೈನರಿಗೆ ಹೋಗುವ ಮೊದಲು ಸುತ್ತುವ ಕ್ರಮವನ್ನು ಬದಲಿಸಿ ನೋಡಬೇಕು. ಹೂಪ್ ಪದರಗಳನ್ನೆಲ್ಲ ಒಂದೇ ಕಡೆ ಒಟ್ಟಿದ್ದೀರಿ. ಒಂದೇ ದಿಕ್ಕಿನ ಪದರಗಳು ಒಟ್ಟಾಗಿ ದಪ್ಪವಾದಷ್ಟೂ ಕಡಿಮೆ ಸ್ಟ್ರೇನ್‌ಗೇ ಬಿರುಕು ಬಿಡುತ್ತವೆ, ಬಿಟ್ಟ ಬಿರುಕು ಇಡೀ ದಪ್ಪವನ್ನು ಒಮ್ಮೆಗೇ ಸೀಳುತ್ತದೆ. ತೆಳ್ಳಗಿನ ಪದರವನ್ನು ಎರಡೂ ಕಡೆಯ ಅಡ್ಡ ನಾರುಗಳು ಹಿಡಿದಿಟ್ಟುಕೊಳ್ಳುತ್ತವೆ. ಇತ್ತೀಚಿನ ವರ್ಷಗಳಲ್ಲಿ ಹಲವರು ತೆಳು ಪದರದ ಕಡೆಗೆ ತಿರುಗುತ್ತಿರುವುದಕ್ಕೆ ಇದೇ ಕಾರಣ. ಬೋಯಿಂಗ್ ತಯಾರಿಸಿ ನಾಸಾ 2014ರಲ್ಲಿ ದ್ರವ ಜಲಜನಕ ತುಂಬಿ ಪರೀಕ್ಷಿಸಿದ 5.5 ಮೀಟರ್ ವ್ಯಾಸದ ಸಂಯುಕ್ತ ಟ್ಯಾಂಕಿನ ಗೋಡೆಯಲ್ಲಿಯೂ ಸೋರಿಕೆ ತಡೆಯಲು ತೆಳು ಪದರಗಳನ್ನು ಸೇರಿಸಿದ್ದರು.

ಶೀತಮಾಪಕ

ಸುರಕ್ಷತೆಯ ಬಗ್ಗೆ ಯಾರೂ ಹೇಳಲಿಲ್ಲವಾದ್ದರಿಂದ ಹೇಳುತ್ತೇನೆ. ತಣ್ಣಗಿನ ಪಾತ್ರೆಯನ್ನು ಒತ್ತುವಾಗ ದ್ರವವನ್ನು ಪೂರ್ತಿ ತುಂಬಿ, ಅನಿಲದ ಜಾಗವನ್ನು ಸಾಧ್ಯವಾದಷ್ಟು ಕಡಿಮೆ ಮಾಡಿ ಒತ್ತಿ. ಅದುಮಿದ ಅನಿಲದಲ್ಲಿ ಕೂಡಿರುವ ಶಕ್ತಿ ದ್ರವದಲ್ಲಿರುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಎರಡು ಕವಾಟಗಳ ನಡುವೆ ದ್ರವ ಸಿಕ್ಕಿಕೊಳ್ಳಬಹುದಾದ ಪ್ರತಿಯೊಂದು ತುಂಡು ಕೊಳವೆಗೂ ಸುರಕ್ಷತಾ ಕವಾಟ ಇರಲೇಬೇಕು. ಒಂದು ಲೀಟರ್ ದ್ರವ ಸಾರಜನಕ ಕೋಣೆಯ ತಾಪಮಾನಕ್ಕೆ ಬಂದಾಗ ಸುಮಾರು 690 ಲೀಟರ್ ಅನಿಲವಾಗುತ್ತದೆ. ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಅದು ಆಮ್ಲಜನಕವನ್ನು ಹೊರದೂಡಿದರೆ ಉಸಿರುಗಟ್ಟುವ ಸೂಚನೆಯೂ ಸಿಗದೆ ಮನುಷ್ಯ ಕುಸಿದುಬೀಳುತ್ತಾನೆ. ಆಮ್ಲಜನಕ 19.5 ಶೇಕಡಾಕ್ಕಿಂತ ಇಳಿದರೆ ಕೂಗುವ ಅಲಾರಂ ಇಲ್ಲದೆ ಪರೀಕ್ಷೆ ಪ್ರಾರಂಭಿಸಬೇಡಿ, ರಾತ್ರಿ ಬೆಚ್ಚಗಾಗಲು ಬಿಟ್ಟ ಪಾತ್ರೆಯ ಕೋಣೆಗೆ ಬೆಳಗ್ಗೆ ಮೊದಲು ಹೋಗುವವರಿಗೂ ಇದನ್ನು ತಿಳಿಸಿರಿ.

ನಾರುಸುತ್ತು

ಆರು ವಾರಗಳ ನಂತರ ಬರೆಯುತ್ತಿದ್ದೇನೆ, ತಡವಾದದ್ದಕ್ಕೆ ಕ್ಷಮೆಯಿರಲಿ. ಸೋರಿದ ಪಾತ್ರೆಯನ್ನು ಗುಳ್ಳೆಗಳು ಬಂದ ಜಾಗದಲ್ಲೇ ಕತ್ತರಿಸಿ, ಉಜ್ಜಿ, ಪಾಲಿಷ್ ಮಾಡಿ ನೋಡಿದೆವು. ಹೂಪ್ ಪದರಗಳ ದಪ್ಪ ಕಟ್ಟನ್ನು ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ಸೀಳಿದ ನೇರ ಬಿರುಕುಗಳು ಸಾಲಾಗಿ ನಿಂತಿದ್ದವು. ಹೆಲಿಕಲ್ ಪದರಗಳಲ್ಲಿ ಬಿರುಕುಗಳು ಅಷ್ಟು ಕ್ರಮವಾಗಿರಲಿಲ್ಲ. ನಾರಿನ ಪಟ್ಟಿಗಳು ಒಂದನ್ನೊಂದು ದಾಟುವ ಜಾಗಗಳಲ್ಲಿ ರೆಸಿನ್ ತುಂಬಿಕೊಂಡ ಸಣ್ಣ ಕೊಳಗಳಿದ್ದು, ಗಾಳಿಗುಳ್ಳೆಗಳಿದ್ದು, ಬಿರುಕುಗಳು ಅಲ್ಲಿಂದಲೇ ಹೊರಟಿದ್ದವು. ಸೋಪಿನ ಗುಳ್ಳೆಗಳು ಸಾಲುಸಾಲಾಗಿ ಬಂದದ್ದು ಏಕೆಂದು ಆಗ ಅರ್ಥವಾಯಿತು: ದಾಟುಜಾಗಗಳ ಸಾಲು ಮತ್ತು ಗುಳ್ಳೆಗಳ ಸಾಲು ಒಂದರ ಮೇಲೊಂದು ಕೂರುತ್ತವೆ.

ಈಗ ಹೂಪ್ ಪದರಗಳನ್ನು ಬಿಡಿಸಿ ಹೆಲಿಕಲ್ ಪದರಗಳ ನಡುವೆ ಹಂಚಿ, ಬಿರುಕು ತಡೆಯುವ ಗುಣ (ಟಫ್‌ನೆಸ್) ಹೆಚ್ಚಿಸಿದ ಎರಡು ರೆಸಿನ್‌ಗಳಲ್ಲಿ 150 ಮಿ.ಮೀ. ಕೊಳವೆಗಳನ್ನು ಸುತ್ತಿದ್ದೇವೆ. ಪಟ್ಟಿಗಳ ಎಣಿಕೆ 30 ಆವರ್ತಗಳವರೆಗೆ ಮುಗಿದಿದೆ. ಎರಡರಲ್ಲೂ ಬಿರುಕು ಇದೆ, ಆದರೆ ಅಂಚನ್ನು ಉಜ್ಜಿದ ಮೇಲೆ ಒಂದರಲ್ಲಿ ಬಹುತೇಕ ಕಾಣೆಯಾಯಿತು, ಇನ್ನೊಂದರಲ್ಲಿ ಹಾಗೆಯೇ ಉಳಿಯಿತು. ಉಜ್ಜದೆ ಬರೆದಿದ್ದರೆ ಎರಡೂ ಸಮ ಎಂದು ಬರೆಯುತ್ತಿದ್ದೆವು. ಕೊಳವೆಗೆ ನಿರ್ವಾತ ಕವಚ ಸಿದ್ಧವಾಗುತ್ತಿದೆ. ಅದರ ಸೀಲಿನ ಬಗ್ಗೆ ಒಂದು ಪ್ರಶ್ನೆ: ರಬ್ಬರ್ ಓ-ರಿಂಗ್ ಶೀತಕ್ಕೆ ಗಟ್ಟಿಯಾಗಿ ಸೋರಿದರೆ ಆ ಸೋರಿಕೆಯನ್ನು ಕೊಳವೆಯ ಗೋಡೆಯದೆಂದು ಓದಿಬಿಡುವ ಭಯವಿದೆ. ಇಂಡಿಯಂ (ಶೀತದಲ್ಲೂ ಮೃದುವಾಗಿರುವ ಲೋಹ) ತಂತಿಯ ಸೀಲ್ ಬಳಸಿದವರು ಇದ್ದಾರೆಯೇ?

ಗೋಡೆಯಾಚೆ

ಇಂಡಿಯಂ ಒಳ್ಳೆಯದು, ನಾನು ಬಳಸಿದ್ದೇನೆ. ಫ್ಲೇಂಜಿನ ಮುಖಗಳು ನಯವಾಗಿರಲಿ, ತಂತಿಯ ತುದಿಗಳು ಒಂದನ್ನೊಂದು ದಾಟುವಂತೆ ಹಾಕಿ, ಬೋಲ್ಟ್‌ಗಳನ್ನು ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿಯಿರಿ. ಇಂಡಿಯಂ ಹರಿದು ಕೂರಲು ಸಮಯ ಬೇಕಾದ್ದರಿಂದ ಕೆಲವು ಗಂಟೆಗಳ ನಂತರ ಇನ್ನೊಮ್ಮೆ ಬಿಗಿಯಬೇಕು. ಮೊದಲು ಕಾಂಪೋಸಿಟ್ ಕೊಳವೆಯ ಬದಲು ಅದೇ ಅಳತೆಯ ಸ್ಟೀಲ್ ಕೊಳವೆಯನ್ನು ಕವಚದೊಳಗೆ ಜೋಡಿಸಿ, ತಣಿಸಿ, ಪೂರ್ತಿ ಒತ್ತಡದಲ್ಲಿ ಹೀಲಿಯಂ ಅಳೆಯಿರಿ. ಆಗ ಬರುವ ಸಂಖ್ಯೆ ನಿಮ್ಮ ಸೀಲುಗಳದು, ಅದಕ್ಕಿಂತ ಹೆಚ್ಚು ಬಂದದ್ದು ಮಾತ್ರ ಗೋಡೆಯದು.